ಚಿಕ್ಕಮ್ಮನ ಗೃಹಪ್ರವೇಶ ಮತ್ತು ನನ್ನ ಜಾವಾ

ಮಣಿಪಾಲದ ನಮ್ಮ ಪುಟ್ಟ ಕಚೇರಿಯಲ್ಲಿ ಪ್ರೋಗ್ರಾಮ್ ಬರೆಯುವವರು ಇಬ್ಬರೇ: ಕಾರ್ಕಳದ ನಾನು, ಕಾಪುವಿನ ಅವನು. ಗೇರುಬೀಜದ ಕಾರ್ಖಾನೆಗಳಿಗೆ ಹಾಜರಿ, ದಾಸ್ತಾನಿನ ಸಾಫ್ಟ್‌ವೇರ್ ಮಾಡಿಕೊಡುವುದು ಕಂಪನಿಯ ಘನೋದ್ದೇಶ. ಎಲ್ಲವೂ ಫಾಕ್ಸ್‌ಪ್ರೊ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ. ಅವನಿಗಿಂತ ಎರಡು ವರ್ಷ ಮೊದಲು ಸೇರಿದ್ದರಿಂದ ನಾನು ಹಿರಿಯ. ಪೀಠವೇರಿದವನ ಗಾಂಭೀರ್ಯವೂ ನನಗೆ ಬಂದಿತ್ತು.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಒಂದು ಸೋಮವಾರ ಅವನ ನೌಕರಿ ಖಾಯಂ ಆಯಿತು. ಲಾಡು ಹಂಚುತ್ತಾ ನನ್ನ ಮೇಜಿಗೆ ಬಂದ.

"ಇನ್ನು ನಾನು ಎಂತ ಕಲಿಯುವುದು ಹೇಳಿ ಮಾರಾಯ್ರೆ. ಫಾಕ್ಸ್‌ಪ್ರೊದ ಕಾಲ ಮುಗಿಯಿತು ಅಂತಾರೆ. ಜಾವಾ ಅಂತ ಹೊಸ ಭಾಷೆ ಬಂದಿದೆಯಲ್ಲ, ಉಡುಪಿಯಲ್ಲಿ ಅದರ ಕ್ಲಾಸ್ ಉಂಟಂತೆ, ಭಾನುವಾರ ಮಾತ್ರ."

ನಾನು ಕನ್ನಡಕ ತೆಗೆದು, ಒರೆಸಿ, ಪುನಃ ಹಾಕಿಕೊಂಡೆ.

"ಜಾವಾ ಒಂದು ಗಾಳಿ. ಬರ್ತದೆ, ಹೋಗ್ತದೆ. ಗೇರುಬೀಜ ಇರುವಷ್ಟು ದಿನ ಫಾಕ್ಸ್‌ಪ್ರೊ ಉಂಟು. ಅದನ್ನೇ ಗಟ್ಟಿ ಮಾಡಿಕೋ."

"ನೀವು ಹೇಳಿದ ಮೇಲೆ ಆಯ್ತಲ್ಲ," ಎಂದು ಅವನು ಇನ್ನೊಂದು ಲಾಡು ಇಟ್ಟು ಹೋದ.

ಅದೇ ಕ್ಲಾಸಿಗೆ ನಾನು ಹಿಂದಿನ ದಿನವಷ್ಟೇ ಸೇರಿಕೊಂಡಿದ್ದೆ.

ಕಾರ್ಖಾನೆಗಳಿಗೆ ರಜೆ ಇರುವುದು ಭಾನುವಾರ. ಅಂದೇ ನಮ್ಮಲ್ಲೊಬ್ಬ ಹಿರಿಯಡ್ಕಕ್ಕೋ ಹೆಬ್ರಿಗೋ ಹೋಗಿ ಅಲ್ಲಿಯ ಕಂಪ್ಯೂಟರ್ ಸರಿಮಾಡಿ ಬರಬೇಕು. ಇಬ್ಬರೂ ಉಡುಪಿಯಲ್ಲಿ ಜಾವಾ ಕಲಿಯುತ್ತ ಕೂತರೆ ಹೋಗುವವರು ಯಾರು? ಈ ಗಹನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಅವನು.

ನಮ್ಮ ಕಡೆ ಭಾನುವಾರವೆಂದರೆ ಯಾರದ್ದಾದರೂ ಮನೆಯಲ್ಲಿ ಊಟ ಇದ್ದೇ ಇರುತ್ತದೆ. ಹಾಗೆಂದರೆ ಮರುಪ್ರಶ್ನೆ ಹಾಕುವವರಿಲ್ಲ. ಮದುವೆ, ನಾಮಕರಣ, ಸೀಮಂತ ಎಂದು ಪ್ರತಿ ಶನಿವಾರ ಒಂದೊಂದು ಹೇಳಿದೆ. ಸಂಬಂಧಿಕರು ಖಾಲಿಯಾದಾಗ ಚಿಕ್ಕಮ್ಮನ ಗೃಹಪ್ರವೇಶವನ್ನು ಎರಡನೆಯ ಸಲವೂ ಮಾಡಿಸಿದೆ.

"ನೀವು ಹೋಗಿ ಬನ್ನಿ, ಹೆಬ್ರಿ ನಾನು ನೋಡಿಕೊಳ್ತೇನೆ. ಪಾಯಸ ಬಿಡಬೇಡಿ," ಎನ್ನುತ್ತಿದ್ದ ಅವನು. ಆ ಪಾಯಸ ಇನ್ನೂ ನನ್ನ ಗಂಟಲು ಇಳಿದಿಲ್ಲ.

ವರ್ಷ ಕಳೆದು ಮಣಿಪಾಲದಲ್ಲೇ ಇನ್ನೊಂದು ಕಚೇರಿಯಲ್ಲಿ ನನಗೆ ಕೆಲಸವಾಯಿತು. ಹೊರಡುವ ಶನಿವಾರ ಅವನು ಕೇಳಿದ:

"ಅಲ್ಲಿಯೂ ಫಾಕ್ಸ್‌ಪ್ರೊವಾ?"

"ಅಲ್ಲ. ಜಾವಾ."

ಅವನು ಕೀಬೋರ್ಡಿನಿಂದ ಕೈ ತೆಗೆದ. "ಹಾಗಾದರೆ ನಿಮ್ಮ ಚಿಕ್ಕಮ್ಮನಿಗೆ ಒಟ್ಟು ಎಷ್ಟು ಮನೆ?"

"ಬಾಡಿಗೆ ಮನೆಯಲ್ಲಿದ್ದಾರೆ."

ಅವನು ನಕ್ಕುಬಿಟ್ಟ. ಆ ನಗುವಿನಿಂದ ಧೈರ್ಯ ಬಂದು ನನ್ನ ಜಾವಾ ನೋಟ್ಸನ್ನು ಚೀಲದಿಂದ ತೆಗೆದು ಕೊಟ್ಟೆ. "ಎಲ್ಲ ಇದರಲ್ಲಿ ಉಂಟು. ನೀನೂ ಶುರುಮಾಡು." ಪ್ರಾಯಶ್ಚಿತ್ತ ಇಷ್ಟು ಸುಲಭವೆಂದು ಮೊದಲೇ ತಿಳಿದಿರಲಿಲ್ಲ.

ಹೊಸ ಪುಸ್ತಕದ ಮೊದಲ ಪುಟಕ್ಕೆ 'ಶ್ರೀ' ಬರೆದು, ಕೆಳಗೆ ತಾರೀಖು ಹಾಕುವುದು ನನಗೆ ಶಾಲೆಯಿಂದ ಬಂದ ಅಭ್ಯಾಸ. ಅವನು ಆ ಪುಟ ದಾಟಲಿಲ್ಲ.

"ಈ ತಾರೀಖು ನಾನು ಲಾಡು ಕೊಟ್ಟದ್ದರ ಹಿಂದಿನ ದಿನದ್ದು, ಅಲ್ವಾ?"

ಹೇಳಲು ನನ್ನಲ್ಲಿ ಚಿಕ್ಕಮ್ಮಂದಿರು ಉಳಿದಿರಲಿಲ್ಲ. "ಹೌದು," ಎಂದೆ.

ಅವನು ಪುಸ್ತಕ ಮುಚ್ಚಿ, ಜಾಗ್ರತೆಯಿಂದ ನನ್ನ ಮೇಜಿನ ಮೇಲಿಟ್ಟ.

"ನಾಳೆ ಹಿರಿಯಡ್ಕಕ್ಕೆ ಹೋಗಲಿಕ್ಕುಂಟು," ಎಂದು ಫ್ಲಾಪಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಸತೊಡಗಿದ.