ಗೇರುಹಣ್ಣಿನ ಒಗರು

ದುಬೈಯ ಹೋಟೆಲೊಂದರಲ್ಲಿ ವರ್ಷಗಟ್ಟಲೆ ತಟ್ಟೆ ಹೊತ್ತ ಮೇಲೆ ನನಗೊಂದು ಆಸೆ ಹುಟ್ಟಿತು: ಸೊಮೆಲಿಯೆ ಆಗಬೇಕು. ಅಂದರೆ ಗಿರಾಕಿಯ ಊಟಕ್ಕೆ ಹೊಂದುವ ವೈನ್ ಆರಿಸಿ, ಅದರ ರುಚಿ ಬಣ್ಣಿಸುವವನು. ಆ ಹುದ್ದೆ ಸದ್ಯದಲ್ಲೇ ಖಾಲಿಯಾಗುವುದಿತ್ತು. ಗ್ರೀನ್ ಲೈನ್ ಮೆಟ್ರೋ ಆಗಷ್ಟೇ ಶುರುವಾಗಿತ್ತು. ಅಲ್ ಕುಸೈಸ್‌ನ ರೂಮಿನಿಂದ ಹೋಗಿಬರುವಾಗೆಲ್ಲ ವೈನಿನ ಪುಸ್ತಕ ಓದಿದೆ. ರಾಸ್ಪ್‌ಬೆರಿ, ಬ್ಲ್ಯಾಕ್‌ಕರೆಂಟ್ ಎಂದು ಜನ್ಮದಲ್ಲಿ ಕಂಡಿರದ ಹಣ್ಣುಗಳನ್ನು ಬಾಯಿಪಾಠ ಮಾಡಿದೆ.

ನಿಜವಾಗಿ ತಲೆಗೆ ಹತ್ತಿದ್ದು ಕೊಲಾರೆಸ್ ಒಂದೇ. ಪೋರ್ಚುಗಲ್ಲಿನ ಕಡಲಂಚಿನ ಊರು. ಅಲ್ಲಿ ದ್ರಾಕ್ಷಿ ಬೆಳೆಯುವುದು ಮರಳಿನಲ್ಲಿ. ಕಡಲ ಗಾಳಿಗೆ ಬಳ್ಳಿಗಳು ನೆಲ ಹಿಡಿದೇ ಹಬ್ಬುತ್ತವಂತೆ. ರೂಮಿನಲ್ಲಿ ಹೇಳಿದರೆ ಜೊತೆಗಿದ್ದ ಉಡುಪಿಯ ಗೆಳೆಯ ನಕ್ಕ.

"ಕೋಲಾರದಲ್ಲಿ ಚಿನ್ನ ಅಲ್ವಾ ಇದ್ದದ್ದು? ವೈನ್ ಯಾವಾಗ ಬಂತು ಮಾರಾಯ?"

ಹೋಟೆಲಿನಲ್ಲಿ ವೈನ್ ತರಬೇತಿಯ ದಿನ ಕೊಲಾರೆಸ್‌ನ ಕೆಂಪು ವೈನನ್ನು ಬಾಯಿಗಿಟ್ಟದ್ದೇ ತಡ, ನಾಲಗೆ ಹಿಡಿದುಕೊಂಡಿತು. ಗೇರುಹಣ್ಣಿನ ಒಗರು! ಹಿಂದೆಯೇ ಒಂಚೂರು ಉಪ್ಪು. ಚಿಕ್ಕಂದಿನಲ್ಲಿ ಅಂಗಿಗೆಲ್ಲ ಕಲೆ ಮಾಡಿಕೊಂಡು ಅಮ್ಮನಿಂದ ಬೈಸಿಕೊಳ್ಳುತ್ತಿದ್ದೆನಲ್ಲ, ಅದೇ ಹಣ್ಣು. ಎಲ್ಲರೆದುರು ಹಾಗೆಯೇ ಹೇಳಿಬಿಟ್ಟೆ. ಮ್ಯಾನೇಜರ್ ನಮ್ಮ ಕಡೆಯವರೇ, ಮಂಗಳೂರಿನವರು, ತಲೆದೂಗಿದರು. ಹುದ್ದೆ ನನ್ನದೇ ಎಂದುಕೊಂಡೆ.

ಆ ಹುದ್ದೆಗೆ ಬಂದದ್ದು ಯುರೋಪಿನವನೊಬ್ಬ. ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು.

"ನಿಮಗೆ ಗೊತ್ತುಂಟು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ನಮ್ಮ ಮುಖ ನೋಡಿದ್ರೆ ಗೆಸ್ಟಿಗೆ ಇಡ್ಲಿ ನೆನಪಾಗುದು ಮಾರಾಯ್ರೆ, ವೈನ್ ಅಲ್ಲ. ಖಲಾಸ್, ಬೇಜಾರು ಮಾಡ್ಬೇಡಿ."

ಬೇಜಾರೆಂಥದು, ಮೈಯೆಲ್ಲ ಉರಿದುಹೋಯಿತು. ಬೇರೆ ಯಾರಾದರೂ ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಮ್ಮೂರಿನ ಬಾಯಿಂದಲೇ ಬಂತು.

ಕೆಲವೇ ದಿನಗಳಲ್ಲಿ, ನಾನು ನೀರು ಬಡಿಸುತ್ತಿದ್ದ ಟೇಬಲಿನಲ್ಲಿ ಆ ಹೊಸಬ ಕೊಲಾರೆಸ್ ಬಾಟಲಿ ತೆರೆದ. "ಗೇರುಹಣ್ಣಿನ ಒಗರು, ಕೊನೆಗೆ ಸ್ವಲ್ಪ ಉಪ್ಪು," ಎಂದು ಇಂಗ್ಲಿಷಿನಲ್ಲಿ ಬಣ್ಣಿಸಿದ. ಮ್ಯಾನೇಜರ್ ಹೇಳಿಕೊಟ್ಟಿದ್ದರು, ಇನ್ಯಾರು? ಟೇಬಲಿನಲ್ಲಿದ್ದ ಹೆಂಗಸಿಗೆ ಕುತೂಹಲವಾಯಿತು. ಗೇರುಹಣ್ಣು ಹೇಗಿರುತ್ತದೆ ಎಂದು ಕೇಳಿದಳು. ಅವನು ತಡವರಿಸಿದ. ನಾನು ರಾಸ್ಪ್‌ಬೆರಿಯನ್ನು ಕಂಡಷ್ಟೇ ಅವನು ಗೇರುಹಣ್ಣನ್ನು ಕಂಡಿದ್ದ! ಕೊನೆಗೆ ನನ್ನತ್ತ ತಿರುಗಿ, "ಇವರು ಇಂಡಿಯಾದವರು, ಇವರಿಗೆ ಗೊತ್ತಿರುತ್ತದೆ," ಎಂದು ನಕ್ಕ.

ಆಕೆ ನನ್ನ ಮುಖ ನೋಡಿದಳು.

"ಕ್ಷಮಿಸಿ ಮೇಡಂ," ಎಂದೆ. "ಆ ಹಣ್ಣನ್ನು ನಾನು ತಿಂದೇ ಇಲ್ಲ."