ಕಂಠೆಪ್ಪನ ಮೋಟಾರು, ಹುಲಿಗೆವ್ವನ ಹಂಚು
ಎಂಬತ್ತರ ದಶಕದಲ್ಲಿ ಗೋವಾದ ಬಾಯ್ನಾ ಕಡಲದಂಡೆಯ ದೋಣಿಗಳಿಗೆ ಮೋಟಾರು ಬಂದ ಮೇಲೆ, ಅದನ್ನು ಚಾಲೂ ಮಾಡಲು ಹಗ್ಗ ಎಳೆದೆಳೆದು ಕೈಸೋತ ಮೀನುಗಾರರೆಲ್ಲ ಕೊನೆಗೆ ಹುಡುಕುತ್ತಿದ್ದುದು ಬಿಜಾಪುರ ಕಡೆಯ ಕಂಠೆಪ್ಪನನ್ನು. ಊರಲ್ಲಿ ಬಾವಿಯ ಪಂಪು ರಿಪೇರಿ ಮಾಡಿಕೊಂಡಿದ್ದವನು, ಮೋಟಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮುನಿದ ಎತ್ತನ್ನು ಮಾತಾಡಿಸುವಂತೆ "ಯಾಕಪಾ, ಏನಾಗೇತಿ?" ಎಂದು ಅದರ ಬೆನ್ನು ಸವರದೆ ನಟ್ಟು ಬಿಚ್ಚುವ ಪಾನಾ ಮುಟ್ಟುವವನಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರೆ ಸಾಕು, ಎಣ್ಣೆಯಲ್ಲಿ ನೀರು ಸೇರಿದ್ದು ಮಾತ್ರವಲ್ಲ, ಮಾಲೀಕ ನಿನ್ನೆ ಕುಡಿದದ್ದೂ ಇವನಿಗೆ ಗೊತ್ತಾಗುತ್ತದೆಂದು ದಂಡೆಯ ಮಂದಿ ನಗುತ್ತಿದ್ದರು. ಪ್ಲಗ್ಗು ಹಸಿಯಾಗಿದ್ದರೆ ಬಿಚ್ಚಿಕೊಂಡು ನೇರ ಗುಡಿಸಲಿಗೆ ಓಡಿ, ಹೆಂಡತಿ ಹುಲಿಗೆವ್ವನ ಕಾದ ಹಂಚಿನ ಮೇಲಿಟ್ಟು ಒಣಗಿಸುತ್ತಿದ್ದ. "ರೊಟ್ಟಿ ಪೆಟ್ರೋಲ್ ನಾರತೈತಿ, ನಿಮ್ಮ ಮೋಟರಿಗೇ ತಿನ್ನಸ್ರಿ!" ಎಂದು ಆಕೆ ದಿನಾ ಬೈಯುವಳು. ಮೋಟಾರು ಗುಡುಗಿ ದೋಣಿ ಹೊರಟರೆ ಎಲ್ಲರೂ ಕೇಕೆ ಹಾಕುತ್ತಿದ್ದರು. ಕಂಠೆಪ್ಪನ ಮುಖ ಮಾತ್ರ ಬಾಡುತ್ತಿತ್ತು. ಅವನಿಗೆ ಈಜು ಬಾರದು, ಮೊಣಕಾಲು ಮೀರಿ ನೀರಿಗೆ ಇಳಿದವನೇ ಅಲ್ಲ. "ದಂಡಿ ಮ್ಯಾಲ ಕೆಟ್ರ ನಾ ಅದೇನಿ. ನಡು ನೀರಾಗ ಕೆಟ್ರ ಅವ್ರಿಗೆ ಯಾರದಾರ?" ಎನ್ನುತ್ತಿದ್ದ. ಹಾಗಾಗಿ ತಾನು ಚಾಲೂ ಮಾಡಿದ ದೋಣಿ ಮರಳುವ ತನಕ, ಸಮುದ್ರಕ್ಕೆ ಬೆನ್ನು ಮಾಡಿ, ಕಿವಿಯನ್ನಷ್ಟೇ ಅತ್ತ ಇಟ್ಟು, ಹಸಿದು ಕೂತಿರುತ್ತಿದ್ದ. ಹೊತ್ತು ಮುಳುಗಿದರೂ ಹುಲಿಗೆವ್ವ ಊಟಕ್ಕೆ ಕರೆಯುತ್ತಿರಲಿಲ್ಲ. ನಾದಿದ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ, ತಾನೂ ಬಾಗಿಲಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದಳು. ದೂರದಲ್ಲಿ ಮರಳುವ ಮೋಟಾರಿನ ಸದ್ದು ಕೇಳಿದ ಮೇಲೆಯೇ ಅವಳು ಒಲೆಯ ಮೇಲೆ ಹಂಚು ಇಡುತ್ತಿದ್ದುದು.