ಪುಟಗಳ ತಲೆ ಮೇಲಿನ ಹೆಸರು

ನನ್ನ ಅಡುಗೆಮನೆಯ ಸ್ಟೀಲು ಪಾತ್ರೆಗಳಲ್ಲಿ ಅರ್ಧದ ಮೇಲೆ ನನ್ನ ಹೆಸರಿಲ್ಲ. ಒಂದರ ಮೇಲೆ ಅತ್ತೆಯದು, ಒಂದರ ಮೇಲೆ ನಾದಿನಿಯದು, ದೊಡ್ಡ ಬೋಸಿಯ ಮೇಲೆ ಯಾರೆಂದೇ ತಿಳಿಯದ ಒಬ್ಬ ಪುಟ್ಟತಾಯಮ್ಮನದು. ಅದು ಯಾವುದೋ ಬೀಗರೂಟದಲ್ಲಿ ಅದಲುಬದಲಾಗಿ ಬಂದದ್ದು. ವಾಪಸು ಕೊಡಲು ಅವಳನ್ನು ಹುಡುಕಿದೆ ಎಂದರೆ ಸುಳ್ಳಾಗುತ್ತದೆ. ನಮ್ಮ ಕಡೆ ಪಾತ್ರೆ ಕೊಂಡರೆ ಅಂಗಡಿಯವನು ಮೊದಲು ಕೇಳುವುದೇ ಯಾರ ಹೆಸರು ಹಾಕಲಿ ಎಂದು. ಗುಂಯ್ ಎನ್ನುವ ಸಣ್ಣ ಮಿಷನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದನೆಂದರೆ ಆಯಿತು, ಆ ಹೆಸರು ಅದರ ಒಡತಿಗಿಂತ ಹೆಚ್ಚು ಕಾಲ ಬಾಳುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಓದಿದ್ದರಲ್ಲಿ ಹೆಚ್ಚಿನ ಪಾಲು ಪಾತ್ರೆಗಳ ಮೇಲಿನದೇ.

ನಮ್ಮೂರಿನ ಹೆಂಗಸರ ಸಂಘದ ಕಸುಬೂ ಪಾತ್ರೆಯದೇ. ಮದುವೆ, ತಿಥಿ, ನಾಮಕರಣಕ್ಕೆ ಬಾಡಿಗೆಗೆ ಕೊಡುತ್ತೇವೆ. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಕಂಪ್ಯೂಟರು ಓದಿ ಬಂದ ನನ್ನ ಮೊಮ್ಮಗಳು ಚಂದನಾಳಿಗೆ ಸಂಘದವರು ಅವಳ ಜೀವನದ ಮೊದಲ ಕೆಲಸ ಕೊಟ್ಟರು. ಫೋನಿನಲ್ಲೇ ಪಾತ್ರೆ ನೋಡಿ ಗೊತ್ತು ಮಾಡಿಕೊಳ್ಳುವಂಥ ವೆಬ್‌ಸೈಟು. ಒಂದೊಂದು ಪಾತ್ರೆಗೆ ಒಂದೊಂದು ಪುಟ, ಒಟ್ಟು ಹದಿನೆಂಟು. ಪ್ರತಿ ಪುಟದ ತಲೆಯ ಮೇಲೂ ಒಂದು ಹೆಸರಿರುತ್ತದಂತೆ. ನಾಲ್ಕೈದು ಪುಟ ಒಟ್ಟಿಗೆ ತೆರೆದಿಟ್ಟುಕೊಂಡರೆ ಯಾವುದು ಯಾವುದೆಂದು ಆ ಹೆಸರಿನಿಂದಲೇ ತಿಳಿಯಬೇಕು.

ನಮ್ಮ ಹುಡುಗಿ ಮಾಡಿದ್ದೇನೆಂದರೆ, ಮೊದಲು ಅನ್ನದ ಕೊಪ್ಪರಿಗೆಯ ಪುಟ ಮಾಡಿ, ಮಿಕ್ಕ ಹದಿನೇಳನ್ನೂ ಅದರಿಂದಲೇ ನಕಲು ಇಳಿಸಿದ್ದಳು. ಒಳಗಿನದೆಲ್ಲ ಬದಲಾಯಿಸಿ ತಲೆಯ ಮೇಲಿನದನ್ನು ಮರೆತಿದ್ದಳು. ನಾಗಮಂಗಲದ ಕಡೆಯವರೊಬ್ಬರು ಬಾಂಡ್ಲಿ, ದಬರಿ, ಸೌಟು ಎಲ್ಲವನ್ನೂ ತೆರೆದು ನೋಡಿದರೆ ಸಾಲಾಗಿ ಅನ್ನದ ಕೊಪ್ಪರಿಗೆ, ಅನ್ನದ ಕೊಪ್ಪರಿಗೆ. ಅವರು ಸಂಘದ ಯಜಮಾನಿ ಜಯಮ್ಮನಿಗೆ ಫೋನು ಮಾಡಿ, 'ನಿಮ್ತಾವ ಕೊಪ್ಪರಿಗೆ ಬುಟ್ರೆ ಬ್ಯಾರೆ ಏನೂ ಇಲ್ವಾ?' ಎಂದು ಕೇಳಿದರು.

ಜಯಮ್ಮ ನೇರ ನಮ್ಮ ಮನೆಗೇ ಬಂದಳು. 'ಏನಮ್ಮಿ ಚಂದನ, ಸಂಗದ ಮಾನ ಕಳ್ದ್‌ಬುಟ್ಟಲ್ಲ. ಸೋಮವಾರದ ಮೀಟಿಂಗ್‌ಗೆ ಸರಿ ಮಾಡ್ಕಬಾ. ಇಲ್ದಿದ್ರೆ ಪ್ಯಾಟೇಲಿ ಮಾಡೋರು ಅವ್ರೆ, ಅವ್ರಿಗೇ ಕೊಟ್‌ಬುಡ್ತೀವಿ.'

ನಾನು ಮೊಮ್ಮಗಳ ಪರ ವಹಿಸಲಿಲ್ಲ. 'ಮೈಯೆಲ್ಲ ತೊಳ್ದೋಳ್ಗೆ ತಲೆಗೆ ನೀರಾಕಕ್ಕೆ ಸೋಂಬೇರಿತನ ಬಂತಾ?' ಎಂದೆ.

'ಸುಮ್ಕಿರಜ್ಜಿ,' ಎಂದಳು.

ಹದಿನೇಳನ್ನೂ ಒಂದೊಂದಾಗಿ ತಿದ್ದುತ್ತಾಳೆಂದು ನಾನು ಎಣಿಸಿದ್ದೆ. ಅವಳು ಹಾಗೆ ಮಾಡಲಿಲ್ಲ. ಎರಡು ದಿನ ಕೂತು, ಪುಟಗಳ ಮೇಲಿದ್ದ ಹೆಸರುಗಳನ್ನೆಲ್ಲ ಕಿತ್ತು ಒಂದೇ ಕಡೆ ಬರೆದಿಟ್ಟಳು. ಅದಕ್ಕೆಲ್ಲ ಫ್ರೇಮ್‌ವರ್ಕಿನಲ್ಲಿ ದಾರಿ ಇದೆ ಎಂದಳು. ಅದೇನೆಂದು ಕೇಳಿದೆ.

'ಕಂಬ ತೊಲೆ ಎಲ್ಲ ಮೊದ್ಲೇ ನಿಲ್ಸಿ ಕೊಟ್ಟಿರ್ತಾರಜ್ಜಿ. ಗೋಡೆ ನಾವು ಕಟ್ಕಬೇಕು.'

ಈಗ ಯಾವ ಪುಟ ತೆರೆದರೂ ಅದು ಆ ಒಂದು ಜಾಗಕ್ಕೆ ಹೋಗಿ ತನ್ನ ಹೆಸರು ಕೇಳಿಕೊಂಡು ಬರುತ್ತದಂತೆ. ಮುಂದೆ ಪಾತ್ರೆಯ ಹೆಸರು, ಹಿಂದೆ ಸಂಘದ ಹೆಸರು. ಹೆಸರಿಡಲು ಮರೆತ ಪುಟವೂ ಬೋಳುತಲೆಯಲ್ಲಿ ಹೊರಬೀಳುವುದಿಲ್ಲ, ಸಂಘದ ಹೆಸರನ್ನಾದರೂ ಹೊತ್ತು ಬರುತ್ತದೆ. ನಾನು ಬಾಯಿ ಬಿಟ್ಟುಕೊಂಡು ಕೂತೆ. ಬೆಳಗೊಳದ ಕಡೆ ಒಂದು ತೂಬು ಎತ್ತಿದರೆ ಊರೂರ ಗದ್ದೆಗೆ ನೀರು ಹೋಗುವುದನ್ನು ಚಿಕ್ಕಂದಿನಿಂದ ಕಂಡವಳು ನಾನು. ಆಗಲೂ ಇಷ್ಟು ಬೆರಗಾಗಿರಲಿಲ್ಲ. ನೀರು ಹೋಗುವುದು ಕಣ್ಣಿಗೆ ಕಾಣುತ್ತದೆ.

ಸೋಮವಾರ ಮೀಟಿಂಗಿನಲ್ಲಿ ಜಯಮ್ಮ ಅಷ್ಟಕ್ಕೇ ಒಪ್ಪಲಿಲ್ಲ. 'ಕಿರಂಗೂರಿನೋರೂ ನಮ್ ಸಂಗಕ್ಕೆ ಸೇರ್ಕಂಡವ್ರೆ. ಎಲ್ಲಾದ್ರಲ್ಲೂ ಅವ್ರೂರ್ ಹೆಸ್ರೂ ಬರ್ಬೇಕು. ಎಷ್ಟ್ ದಿನ ಬೇಕಮ್ಮಿ?'

'ಈಗ್ಲೇ ಮಾಡ್ತೀನತ್ತೆ.'

ಹೆಸರುಗಳನ್ನಿಟ್ಟಿದ್ದ ಆ ಒಂದೇ ಕಡೆ ಬರೆದಳು. ಸ್ವಲ್ಪ ಹೊತ್ತು ಹಾಗೇ ನೋಡುತ್ತಾ ಕೂತು, ಆಮೇಲೆ ಒತ್ತಿದಳು. ಹೆಂಗಸರೆಲ್ಲ ತಮ್ಮ ತಮ್ಮ ಫೋನಿನಲ್ಲಿ ಒಬ್ಬೊಬ್ಬರು ಒಂದೊಂದು ಪುಟ ತೆರೆದರು. ಎಲ್ಲರದರಲ್ಲೂ ಕಿರಂಗೂರು ಬಂದು ಕೂತಿತ್ತು. ಗಲಾಟೆ ಇಲ್ಲದೆ ಒಂದು ಮೀಟಿಂಗೂ ಮುಗಿಸದ ಸಂಘ ನಮ್ಮದು. ಅವತ್ತು ಜಗಳ ಮರೆತು ಒಬ್ಬರ ಫೋನು ಒಬ್ಬರು ಇಸಕೊಂಡು ನೋಡಿದರು.

ಜಯಮ್ಮ ಮಾತ್ರ ಕೇಳಿದಳು. 'ಅಲ್ಲ ಕಣಮ್ಮಿ, ಅಲ್ಲೇ ನೀನು ತಪ್ ಬರುದ್ರೆ?'

'ಎಲ್ಲಾ ಕಡೆನೂ ತಪ್ಪಾಯ್ತದೆ ಅತ್ತೆ.'

'ಆಗ ಯಾರ್ನ ಕೇಳದು?'

'ನನ್ನೇ.'

ಜಯಮ್ಮ ಫೋನು ಮಡಿಲಲ್ಲಿಟ್ಟುಕೊಂಡಳು. 'ಅಂಗಾದ್ರೆ ಕೆಲ್ಸ ನಿನ್ತಾವೇ ಇರ್ಲಿ.'

ಅಲ್ಲಿಯ ತನಕ ನನ್ನ ಬೆರಗೆಲ್ಲ ಯಂತ್ರದ ಮೇಲಿತ್ತು. ನಾನು ನಾಲ್ಕು ಜನ ಸೊಸೆಯಂದಿರಿದ್ದ ಮನೆಯಲ್ಲಿ ಅವರಲ್ಲೊಬ್ಬಳಾಗಿ ಅಡುಗೆ ಮಾಡಿದವಳು. ಸಾರಿಗೆ ಉಪ್ಪು ಜಾಸ್ತಿಯಾದ ದಿನ ಅದನ್ನು ಹಾಕಿದವರು ನಾಲ್ವರಲ್ಲಿ ಯಾರೂ ಆಗಿರುತ್ತಿರಲಿಲ್ಲ. ಕೆಲಸ ಹತ್ತು ಕಡೆ ಹರಡಿದ್ದರೆ ತಪ್ಪೂ ಹತ್ತು ಕಡೆ ಅಡಗಿಕೊಳ್ಳುತ್ತದೆ, ಅದರಲ್ಲೊಂದು ಸುಖವಿದೆ. ಈ ಹುಡುಗಿ ಆ ಸುಖವನ್ನು ತಾನೇ ಕೈಯಾರೆ ಬಿಟ್ಟುಕೊಟ್ಟಿದ್ದಳು.

ಮನೆಗೆ ಬರುವಾಗ, 'ಭಯ ಆಗಲ್ವೇನಮ್ಮಿ?' ಎಂದೆ.

'ಆಯ್ತದಜ್ಜಿ. ಅದ್ಕೇ ಒತ್ತಕ್ ಮುಂಚೆ ನಾಕ್ ಸಲ ಓದ್ದೆ.'

ಎಂಜಲಾಗುತ್ತದೆಂಬ ನೆಪ ಹೇಳಿಕೊಂಡು, ಇಷ್ಟು ವರ್ಷದಲ್ಲಿ ನಾನು ಬಡಿಸುವ ಮುಂಚೆ ಒಂದು ಸಲವೂ ಸಾರಿನ ರುಚಿ ನೋಡಿದವಳಲ್ಲ.